ಎದುರು ಕೂತವಳ ಬಲಗಣ್ಣು

ಕಣ್ಣಿನ ಕೆಳರೆಪ್ಪೆಯನ್ನು ಮಾತ್ರ ಕವಿತ ಮುಟ್ಟುತ್ತಿರಲಿಲ್ಲ. ಹುಬ್ಬು ತಿದ್ದುತ್ತಿದ್ದಳು, ಮೇಲ್ದುಟಿಯ ಕೂದಲು ತೆಗೆಯುತ್ತಿದ್ದಳು, ಮುಚ್ಚಿದ ರೆಪ್ಪೆಯ ಮೇಲೆ ಬಣ್ಣ ಹಚ್ಚಿ ಅಂಚಿಗೆ ಗೆರೆ ಎಳೆಯುತ್ತಿದ್ದಳು. ಕೆಳರೆಪ್ಪೆಯ ಒಳಗೆ ಕಾಡಿಗೆ ಹಚ್ಚುವ ಹೊತ್ತಿಗೆ ಪೆನ್ಸಿಲನ್ನು ಗಿರಾಕಿಯ ಕೈಗೆ ಕೊಟ್ಟು, 'ಇದು ನೀವೇ ಹಚ್ಕೊಳ್ಳಿ, ನಿಮ್ ಕಣ್ಣು ನಿಮಗೆ ಗೊತ್ತಿರುತ್ತೆ' ಎಂದು ಪಕ್ಕಕ್ಕೆ ಸರಿಯುತ್ತಿದ್ದಳು. ಬಾಶೆಟ್ಟಿಹಳ್ಳಿಯ ಈ ಒಂದು ಕೋಣೆಯ ಪಾರ್ಲರಿಗೆ ಹತ್ತು ವರ್ಷವಾಗಿತ್ತು. ಸಂಜೆ ಶಿಫ್ಟ್ ಬಿಟ್ಟ ಮೇಲೆ, ಬಸ್ಸು ಬರುವುದರೊಳಗೆ ಹುಬ್ಬು ಮಾಡಿಸಿಕೊಂಡು ಓಡುವ ಗಾರ್ಮೆಂಟ್ಸ್ ಹುಡುಗಿಯರು ಅದನ್ನು ಶುಚಿತ್ವದ ವಿಷಯ ಅಂದುಕೊಂಡಿದ್ದರು. ಒಬ್ಬಳು ಮಾತ್ರ, 'ಅಕ್ಕಂಗೆ ಜವಾಬ್ದಾರಿ ಬೇಡ' ಎಂದು ನಕ್ಕಿದ್ದಳು. ಅದು ನಿಜಕ್ಕೆ ಹೆಚ್ಚು ಹತ್ತಿರದ ಊಹೆಯಾಗಿತ್ತು. ಆ ಹುಡುಗಿ ಮತ್ತೆ ಬಂದಾಗಲೆಲ್ಲ ಕವಿತ ಅವಳ ಮುಖ ನೋಡದೆ ಕೆಲಸ ಮುಗಿಸುತ್ತಿದ್ದಳು.

ಬುಧವಾರ ಹನ್ನೊಂದಕ್ಕೆ ಬರುತ್ತೇನೆಂದಿದ್ದ ಪ್ರಿಯಾಂಕ ಹತ್ತು ನಿಮಿಷ ಮೊದಲೇ ಬಂದಿದ್ದಳು. ದೊಡ್ಡಬೆಳವಂಗಲದ ಹುಡುಗಿ, ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಚೀಲ ತೂಗುವ ಕೌಂಟರಿನ ಕೆಲಸ, ಮದುವೆಗೆ ಇನ್ನು ಹತ್ತೊಂಬತ್ತು ದಿನ. ಈ ದಿನ ನಡೆಯಬೇಕಾದದ್ದು ಮುಹೂರ್ತದ ಅಲಂಕಾರದ ಟ್ರಯಲ್. ಜೊತೆಗೆ ಅವಳ ಅಜ್ಜಿ ಅಂಜಿನಮ್ಮ ಬಂದಿದ್ದಳು. ಲಗ್ನಪತ್ರಿಕೆ ಆದಮೇಲೆ ಹುಡುಗಿಯನ್ನು ಒಂಟಿಯಾಗಿ ಓಡಾಡಲು ಬಿಡುವುದಿಲ್ಲವೆಂಬುದು ಅವರ ಮನೆಯ ಕಟ್ಟಳೆ. ಹುಡುಗಿ ದಿನವೂ ನಸುಕಿಗೆ ಎದ್ದು ಕಂಪನಿಯ ವ್ಯಾನಿನಲ್ಲಿ ಒಂಟಿಯಾಗಿ ಹೋಗುತ್ತಿದ್ದುದು ಆ ಕಟ್ಟಳೆಯ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅಜ್ಜಿ ಫ್ಯಾನಿನ ಕೆಳಗಿನ ಪ್ಲಾಸ್ಟಿಕ್ ಕುರ್ಚಿ ಹಿಡಿದು ಕೂತು, ಗೋಡೆಯ ಮೇಲಿನ ಮದುವಣಗಿತ್ತಿಯರ ಫೋಟೋಗಳನ್ನು ಒಂದೊಂದಾಗಿ ನೋಡಿ, 'ಎಲ್ಲಾರೂ ಒಂದೇ ಥರ ಅವ್ರೆ' ಎಂದಳು.

ಪ್ರಿಯಾಂಕ ಚೀಲದಿಂದ ತನ್ನದೇ ಡಬ್ಬಿಗಳನ್ನು ತೆಗೆದು ಕನ್ನಡಿಯ ಮುಂದೆ ಸಾಲಾಗಿ ಇಟ್ಟಳು. ಫೌಂಡೇಶನ್, ತುಟಿಯ ಬಣ್ಣ, ಕಾಡಿಗೆಯ ಪೆನ್ಸಿಲ್. ಪ್ರತಿಯೊಂದರ ಮೇಲೂ ಚಿಕ್ಕದೊಂದು ಮೊಲದ ಗುರುತು. 'ಅಕ್ಕ, ಮೊದಲೇ ಹೇಳ್ಬಿಡ್ತೀನಿ, ಬೇಜಾರು ಮಾಡ್ಕೋಬೇಡಿ. ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿರೋದು ನನ್ನ ಮುಖಕ್ಕೆ ಬೇಡ. ನಿಮ್ಮ ಕಿಟ್ಟಲ್ಲಿ ಅಂಥದ್ದು ಇಲ್ಲ ಅಂದ್ರೆ ಅದನ್ನೇ ಹಾಕಿ. ಗೊತ್ತಿಲ್ಲ ಅಂದ್ರೆ ನಂದು ಹಾಕಿ.'

ಕವಿತ ತನ್ನ ಪೆನ್ಸಿಲಿನ ಪೊಟ್ಟಣ ತೋರಿಸಿದಳು. 'ಹಸಿರು ಚುಕ್ಕೆ ಇದೆಯಲ್ಲಮ್ಮ.'

'ಅದು ವೆಜ್ ಅಂತ ಅಷ್ಟೇ ಅಕ್ಕ. ಒಳಗಡೆ ಪ್ರಾಣಿ ಕೊಬ್ಬು ಗಿಬ್ಬು ಇಲ್ಲ ಅಂತ. ಯಾವುದರ ಕಣ್ಣಿಗೆ ಹಾಕಿ ನೋಡಿದ್ರು ಅನ್ನೋದನ್ನ ಅದು ಹೇಳಲ್ಲ.'

ಕಣ್ಣಿಗೆ ಎಂದೇ ಏಕೆ ಅಂದಳು? ಕವಿತ ಪೊಟ್ಟಣವನ್ನು ಕೆಳಗಿಟ್ಟು, ಅಗತ್ಯವಿಲ್ಲದಿದ್ದರೂ ಬಾಚಣಿಗೆಗಳನ್ನು ಡೆಟಾಲ್ ನೀರಿಗೆ ಅದ್ದಿದಳು. ಆ ಮೊಲದ ಗುರುತನ್ನು ಅವಳು ಮೊದಲ ಸಲ ನೋಡಿದ್ದು ಚಿಕ್ಕಪೇಟೆಯ ಸಗಟು ಅಂಗಡಿಯಲ್ಲಿ, ಪಾರ್ಲರಿಗೆ ಸಾಮಾನು ಕೊಳ್ಳಲು ಹೋದಾಗ. ಅವಳು ಮೊದಲು ಕೆಲಸಕ್ಕಿದ್ದ ಕಡೆ ಪಂಜರಗಳ ಕೋಣೆಯ ಬಾಗಿಲಿಗೂ ಅಂಥದೇ ಚಿತ್ರ ಅಂಟಿಸಿರುತ್ತಿದ್ದರು: ಮೊಲದ ಚಿತ್ರವಿದ್ದರೆ ಒಳಗಿರುವುದು ಮೊಲ, ಇಲಿಯ ಚಿತ್ರವಿದ್ದರೆ ಇಲಿ. ಹಾಗಾಗಿ ಡಬ್ಬಿಯ ಮೇಲಿನ ಮೊಲವನ್ನು ಕಂಡಾಗ, ಇದನ್ನು ಮೊಲದ ಮೇಲೆ ಪರೀಕ್ಷಿಸಲಾಗಿದೆ ಎಂದು ಕಂಪನಿಯವರು ಪ್ರಾಮಾಣಿಕವಾಗಿ ತಿಳಿಸಿದ್ದಾರೆ ಎಂದುಕೊಂಡು ಅದನ್ನು ಹಾವು ಕಂಡಂತೆ ಕೆಳಗಿಟ್ಟಿದ್ದಳು. ಗುರುತಿನ ಅರ್ಥ ಅದಕ್ಕೆ ತದ್ವಿರುದ್ಧ ಎಂದು ತಿಳಿಯಲು ಆರು ವರ್ಷ ಹಿಡಿಯಿತು. ಆರು ವರ್ಷ ಅವಳು ಹುಡುಕಿ ಹುಡುಕಿ ಮೊಲವಿಲ್ಲದ ಡಬ್ಬಿಗಳನ್ನೇ ಕೊಂಡಿದ್ದಳು, ಮನಸ್ಸಿಗೆ ಸಮಾಧಾನವಿರಲಿ ಎಂದು.

'ಸೀರೆ ಯಾವುದೇ ನಿಂದು?' ಎಂದು ಅಂಜಿನಮ್ಮ ಹಿಂದಿನಿಂದ ಕೇಳಿದಳು. 'ರೇಷ್ಮೆ ತಾನೆ? ಹುಳ ಬೇಯಿಸ್ದೆ ನೂಲು ಬತ್ತದಾ? ಅದನ್ನ ಮೈಮೇಲೆ ಸುತ್ಕೊಂಡು ಮುಖಕ್ಕೆ ಮಾತ್ರ ಮಡಿ ಅಂತಾಳಲ್ಲ ಇವಳು.'

'ಸೀರೆ ನಾನ್ ಆರಿಸಿದ್ದಲ್ಲ ಅಜ್ಜಿ. ಅವರ ಮನೆಯೋರು ಆರಿಸಿದ್ರು. ಛತ್ರ ಅಪ್ಪ ಆರಿಸಿದ್ರು. ದಿನ ಐನೋರು ಆರಿಸಿದ್ರು. ಹುಡುಗನ್ನ ನೀವೆಲ್ಲ ಸೇರಿ ಆರಿಸಿ ಆಮೇಲೆ ನನ್ನ ಕೇಳಿದ್ರಿ.' ಪ್ರಿಯಾಂಕಳ ದನಿಯಲ್ಲಿ ಸಿಟ್ಟಿರಲಿಲ್ಲ. ಕೌಂಟರಿನಲ್ಲಿ ಚೀಲದ ತೂಕ ಹೇಳುವಂತೆ ಹೇಳಿದಳು. 'ಇದೊಂದು ನಂದು. ಇದೊಂದಾದ್ರೂ ನಾನು ಅಂದ್ಕೊಂಡಂಗೆ ಆಗ್ಲಿ.'

'ಆಯ್ತು ಬಿಡವ್ವ, ನಿನ್ನ ಮೂತಿ ನಿಂದು.'

ಹುಡುಗಿಗೂ ಒಂದು ಅನುಮಾನವಿತ್ತು. ತನ್ನ ಕಾಡಿಗೆ ಹೋಮದ ಹೊಗೆಗೆ, ಬೆವರಿಗೆ ನಿಲ್ಲುತ್ತದೋ ಇಲ್ಲವೋ. ಮುಖವೆಲ್ಲ ಕಪ್ಪಾದರೆ ಚಿಕ್ಕಮ್ಮಂದಿರು ವರ್ಷಗಟ್ಟಲೆ ಹೇಳಿಕೊಂಡು ನಗುತ್ತಾರೆ. ಆದ್ದರಿಂದ ಅವಳೇ ಒಂದು ಉಪಾಯ ಹೇಳಿದಳು: ಬಲಗಣ್ಣಿಗೆ ತನ್ನ ಪೆನ್ಸಿಲ್, ಎಡಗಣ್ಣಿಗೆ ಕವಿತಳದು; ಒಂದು ಗಂಟೆ ಬಿಟ್ಟು ನೋಡುವುದು. ತನ್ನದು ನಿಂತರೆ ಮದುವೆಗೆ ಅದೇ. ಅರ್ಧ ಮುಖಕ್ಕೆ ಒಂದು, ಇನ್ನರ್ಧಕ್ಕೆ ಇನ್ನೊಂದು ಹಚ್ಚಿ ಹೋಲಿಸುವುದು ಪಾರ್ಲರುಗಳಲ್ಲಿ ಹೊಸದೇನಲ್ಲ. ಕವಿತ ತಲೆಯಾಡಿಸಿದಳು. ಪೆನ್ಸಿಲನ್ನು ಹುಡುಗಿಯ ಕೈಗೆ ಕೊಡಲು ಹೋದಳು.

'ಮದುವೆ ದಿನ ನಾನೇ ಹಚ್ಕೊಳ್ಳೋಕಾಗುತ್ತಾ ಅಕ್ಕ? ಕೈತುಂಬ ಬಳೆ, ಮೆಹೆಂದಿ. ಇವತ್ತೂ ನೀವೇ ಹಚ್ಚಿ. ಇಲ್ದಿದ್ರೆ ಟ್ರಯಲ್ ಯಾಕೆ?'

ನ್ಯಾಯವಾದ ಮಾತು. ಕವಿತ ಕೈತೊಳೆದುಕೊಂಡಳು. ಸ್ಟೂಲನ್ನು ಎಳೆದು ಹುಡುಗಿಯ ಎದುರು ಕೂತಳು. ಎಡಗೈಯ ಹೆಬ್ಬೆರಳಿನಿಂದ ಕೆಳರೆಪ್ಪೆಯನ್ನು ಮೆಲ್ಲನೆ ಕೆಳಗೆಳೆದಳು. ರೆಪ್ಪೆ ಕಣ್ಣಗುಡ್ಡೆಯನ್ನು ಬಿಟ್ಟು ಮುಂದೆ ಬಂದು, ಒಳಗಿನ ಗುಲಾಬಿ ಬಣ್ಣ ಕಂಡು, ಪುಟ್ಟ ಬಟ್ಟಲಿನಂತಾಯಿತು. ಅವಳ ಬೆರಳಿಗೆ ಎಷ್ಟು ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದೆಲ್ಲ ನೆನಪಿತ್ತು. ಹದಿಮೂರು ವರ್ಷದ ನಂತರವೂ ಬೆರಳು ಒಂದಿಷ್ಟೂ ನಡುಗಲಿಲ್ಲ. ಅದೇ ಅವಳಿಗೆ ನಾಚಿಕೆ ತಂದಿತು. ಪಂಜರಗಳ ಕೋಣೆಯಲ್ಲಿ ಅಳತೆ ಒಂದು ಮಿಲಿಲೀಟರಿನ ಹತ್ತನೇ ಒಂದು ಭಾಗ. ಬಟ್ಟಲಿನೊಳಗೆ ಹನಿಸಿ, ಎರಡೂ ರೆಪ್ಪೆಗಳನ್ನು ಸೇರಿಸಿ ಒಂದು ಸೆಕೆಂಡು ಹಿಡಿಯಬೇಕು. ಒಂದು ಕಣ್ಣಿಗೆ ಮಾತ್ರ. ಇನ್ನೊಂದು ಕಣ್ಣು ಹೋಲಿಸಿ ನೋಡುವುದಕ್ಕೆ.

ಎರಡೂ ಕಣ್ಣಿಗೆ ಹಚ್ಚಿ ಮುಗಿಸಿ, ಪೆನ್ಸಿಲುಗಳ ಮುಚ್ಚಳ ಹಾಕುವಾಗ ಅವಳಿಗೆ ಗೊತ್ತಾಯಿತು. ಮೊಲದ ಗುರುತಿನ ಪೆನ್ಸಿಲನ್ನು ಅವಳು ಹಚ್ಚಿದ್ದು ತನ್ನ ಬಲಕ್ಕಿದ್ದ ಕಣ್ಣಿಗೆ. ಎದುರು ಕೂತವಳಿಗೆ ಅದು ಎಡಗಣ್ಣು.

'ಎಷ್ಟು ಹೊತ್ತಾಯ್ತು ಈಗ?' ಎಂದು ಪ್ರಿಯಾಂಕ ಫೋನು ನೋಡಿದಳು. 'ಹನ್ನೊಂದೂ ಇಪ್ಪತ್ತು. ಹನ್ನೆರಡೂ ಇಪ್ಪತ್ತಕ್ಕೆ ನೋಡೋಣ.'

ಹೇಳುವುದಕ್ಕೆ ಅದೇ ಸರಿಯಾದ ಗಳಿಗೆಯಾಗಿತ್ತು. ಅಯ್ಯೋ, ಅದಲು ಬದಲಾಯ್ತು ಕಣಮ್ಮ ಎಂದಿದ್ದರೆ ಮೂವರೂ ನಕ್ಕುಬಿಡುತ್ತಿದ್ದರು. ಕವಿತ ಫ್ಲಾಸ್ಕಿನಿಂದ ಮೂರು ಲೋಟಕ್ಕೆ ಟೀ ಬಗ್ಗಿಸಿದಳು. ಗಂಟೆ ಕಳೆದ ಮೇಲೆ ಎರಡೂ ಒಂದೇ ರೀತಿ ಇದ್ದರೆ ಯಾರಿಗೂ ನಷ್ಟವಿಲ್ಲ ಎಂದುಕೊಂಡಳು. ಅಷ್ಟರಲ್ಲಿ ಹೇಳುವ ಗಳಿಗೆ ದಾಟಿತು. ಅದು ಹಾಗೆ ದಾಟುವುದು ಅವಳಿಗೆ ಪರಿಚಿತವಾಗಿತ್ತು. ಎಷ್ಟು ಬೇಗ ದಾಟುತ್ತದೆಂಬುದು ಮಾತ್ರ ಮರೆತುಹೋಗಿತ್ತು.

'ನಿಮ್ಮೂರು ಯಾವುದಮ್ಮ?' ಅಂಜಿನಮ್ಮ ಟೀ ಊದುತ್ತ ಕೇಳಿದಳು.

'ದೇವನಹಳ್ಳಿ ಕಡೆ ವಿಜಯಪುರದ ಹತ್ರ ಅಮ್ಮ. ನಮ್ಮನೇಲಿ ರೇಷ್ಮೆ ಹುಳ ಸಾಕ್ತಿದ್ವಿ.'

'ಅದಕ್ಕೇ ಕೈ ಹಗೂರ.'

ಕೈ ಹಗುರವೆಂದು ಮೊದಲು ಹೇಳಿದ್ದು ಅವ್ವ. ನಾಲ್ಕನೇ ಜ್ವರದಿಂದೆದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ಹುಳಗಳನ್ನು ಹಿಂದಿನ ಸೊಪ್ಪಿನಿಂದ ಎತ್ತಿ ಹೊಸ ತಟ್ಟೆಗೆ ಬಿಡುವ ಕೆಲಸವನ್ನು ಅವಳಿಗೇ ಕೊಡುತ್ತಿದ್ದಳು. ಆದರೆ ಹುಳುಮನೆಯ ಹೊಸಿಲಲ್ಲಿ ನಿಲ್ಲಿಸಿ ಮುಖ ಮೂಸಿ ನೋಡುತ್ತಿದ್ದಳು: ಪೌಡರ್ ಹಾಕಿದ್ದೀಯೇನೆ? ಹುಳಕ್ಕೆ ವಾಸನೆ ಆಗಲ್ಲ ಕಣೇ, ಹೋಗಿ ತೊಳ್ಕೊಂಡು ಬಾ. ಹದಿನಾಲ್ಕು ವರ್ಷದ ಹುಡುಗಿ ಬಚ್ಚಲಿಗೆ ಹೋಗಿ, ಅಷ್ಟು ಹೊತ್ತು ಬಾಗಿಲ ಸಂದಿಯ ಕನ್ನಡಿಯಲ್ಲಿ ನೋಡಿಕೊಂಡಿದ್ದ ಬಿಳುಪನ್ನು ತೊಳೆದುಕೊಂಡು ಬರುತ್ತಿದ್ದಳು. ಮದುವೆಯಾಗಿ ಈ ಕಡೆ ಬಂದ ಮೇಲೆ ಸಿಕ್ಕಿದ ಕೆಲಸದಲ್ಲೂ ಅದೇ ಕಟ್ಟಳೆ. ಲ್ಯಾಬಿನ ಗೇಟಿನೊಳಗೆ ಹೂವು ಮುಡಿಯುವಂತಿಲ್ಲ, ಪೌಡರ್ ಇಲ್ಲ, ತಲೆಗೆ ಎಣ್ಣೆ ಇಲ್ಲ, ಕುಂಕುಮ ಇಲ್ಲ. ಸ್ನಾನ ಮಾಡಿ, ಅವರ ಬಟ್ಟೆ ತೊಟ್ಟು, ಒಳಗೆ ಹೋಗಬೇಕು. ವಾಸನೆಗೆ ಪ್ರಾಣಿಗಳು ಬೆದರಿದರೆ ಫಲಿತಾಂಶ ಕೆಡುತ್ತದೆ. ಹೊಸ ಸೊಸೆ ಬೋಳು ಹಣೆಯಲ್ಲಿ ಕೆಲಸಕ್ಕೆ ಹೋಗುವುದನ್ನು ಅತ್ತೆ ಮುನಿಗಂಗಮ್ಮ ಬೀದಿಯವರಿಗೆ ಹೇಗೆ ಹೇಳುವುದೆಂದು ತಿಳಿಯದೆ, ಔಷಧಿ ಕಂಪನಿ ಎನ್ನುತ್ತಿದ್ದಳು. ಒಳಗೆ, ಬೇರೆ ಹೆಂಗಸರು ಹಚ್ಚಿಕೊಳ್ಳಬೇಕಾದದ್ದನ್ನು, ಮುಖಕ್ಕೆ ಏನನ್ನೂ ಹಚ್ಚಿಕೊಳ್ಳದ ಹೆಂಗಸರು ಬಿಳಿ ಮೊಲಗಳಿಗೆ ಹಚ್ಚುತ್ತಿದ್ದರು. ಬೆನ್ನು ಬೋಳಿಸಿ ಹಚ್ಚುತ್ತಿದ್ದರು. ಕಣ್ಣಿಗೆ ಹನಿಸುತ್ತಿದ್ದರು. ಡಬ್ಬಿಯ ಮೇಲೆ ಹೆಸರಿರುತ್ತಿರಲಿಲ್ಲ, ಒಂದು ಅಕ್ಷರ, ಒಂದು ಸಂಖ್ಯೆ. ಅದು ಯಾವ ಕಂಪನಿಯ ಯಾವ ಸಾಮಾನು ಎಂದು ಕೊನೆಯವರೆಗೂ ಅವಳಿಗೆ ತಿಳಿಯಲಿಲ್ಲ. ಹಾಗಾಗಿ ಪಾರ್ಲರಿನ ಪ್ರತಿ ಶೀಶೆಯೂ ಅದೇ ಇರಬಹುದಾಗಿತ್ತು.

'ಹುಳದ ಕೆಲಸ ಬಿಟ್ಟು ಇದಕ್ಕೆ ಬಂದ್ಯಾ?' ಅಂಜಿನಮ್ಮ ಕೇಳಿದಳು.

'ಮಧ್ಯದಲ್ಲಿ ಮೂರು ವರ್ಷ ಒಂದು ಲ್ಯಾಬಲ್ಲಿದ್ದೆ ಅಮ್ಮ. ಕ್ಲೀನಿಂಗು.'

ಇದು ಅವಳು ಎಲ್ಲರಿಗೂ ಹೇಳುತ್ತಿದ್ದ ಮಾತು. ಪಂಜರ ತೊಳೆಯುವುದೂ ಕೆಲಸದ ಭಾಗವಾಗಿದ್ದರಿಂದ ಪೂರ್ತಿ ಸುಳ್ಳಲ್ಲ. ಪ್ರಿಯಾಂಕ ಫೋನಿನಲ್ಲಿ ಏನನ್ನೋ ನೋಡುತ್ತ, 'ಈಗ ನಮ್ ದೇಶದಲ್ಲಿ ಇದನ್ನೆಲ್ಲ ನಿಲ್ಸಿದ್ದಾರಂತೆ ಅಕ್ಕ, ಎರಡು ಸಾವಿರದ ಹದಿನಾಲ್ಕರಲ್ಲೇ. ಆದ್ರೂ ಹೊರಗಡೆ ಮಾಡಿಸ್ತಾರೇನೋ, ಅದಕ್ಕೇ ನಾನು ಗುರುತು ನೋಡಿ ತಗೊಳ್ಳೋದು' ಎಂದಳು. ಹೌದು, ಹದಿನಾಲ್ಕರಲ್ಲಿ. ಕವಿತ ಕೆಲಸ ಬಿಟ್ಟ ಮರುವರ್ಷ. ಲ್ಯಾಬಿನಲ್ಲಿ ಹನಿ ಹಾಕುತ್ತಿದ್ದ ಚಲಪತಿ ಫೋನು ಮಾಡಿ ಹೇಳಿದ್ದ: ಕವಿತಮ್ಮ, ನಿಮ್ ಮೊಲಗಳಿಗೆ ಅರ್ಧ ರಜಾ ಸಿಕ್ತು, ಇನ್ಮೇಲೆ ಸೋಪು ಪೌಡರು ಇಲ್ವಂತೆ, ಕ್ರಿಮಿನಾಶಕ ಮಾತ್ರ. ಅವನು ಒಳ್ಳೆಯ ಮನುಷ್ಯ. ಹನಿ ಹಾಕುವ ಮೊದಲು ಮೊಲದ ಕಿವಿಯನ್ನು ಒಮ್ಮೆ ನೇವರಿಸುತ್ತಿದ್ದ. ಅದನ್ನು ನೆನೆದರೆ ಕವಿತಳಿಗೆ ಅವನನ್ನು ದ್ವೇಷಿಸಲು ಆಗುತ್ತಿರಲಿಲ್ಲ. ದ್ವೇಷಿಸಲಾಗಿದ್ದರೆ ಎಷ್ಟೋ ಅನುಕೂಲವಾಗುತ್ತಿತ್ತು.

ಅವಳು ದಿನವೂ ಮೊಲದ ಹಿಂದೆ ನಿಂತು ಹಿಡಿಯುತ್ತಿದ್ದಳು. ಅವಳ ಎಡವೇ ಮೊಲದ ಎಡ. ಒಂದು ದಿನ ಮೇಜಿನ ಆ ಬದಿಯಲ್ಲಿ ತೊಳೆದ ನೀರು ನಿಂತಿತ್ತೆಂದು ಈ ಬದಿಗೆ ಬಂದು, ಎದುರಿನಿಂದ ಹಿಡಿದಳು. ಕಿವಿಯೊಳಗೆ ನೀಲಿ ಶಾಯಿಯಲ್ಲಿ ಮೂವತ್ತೊಂದು ಎಂಬ ಸಂಖ್ಯೆ. ಎಡ, ಎಂದ ಚಲಪತಿ. ಅವಳು ತನ್ನ ಎಡಕ್ಕಿದ್ದ ಕಣ್ಣಿನ ರೆಪ್ಪೆಯನ್ನು ಎಳೆದು ಹಿಡಿದಳು. ಅವನು ಹನಿಸಿದ. ಒಂದು ಸೆಕೆಂಡು. ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಫಾರಂ ಮೇಲೆ ಎಡ ಅಂತ ಪ್ರಿಂಟಾಗಿದೆ, ಎಂದ ಅವನು ತಗ್ಗಿದ ದನಿಯಲ್ಲಿ. ಬಲ ಅಂತ ಬರೆದ್ರೆ ಮೇಲಿನೋರ ಮುಂದೆ ಇಬ್ರೂ ಕೈಕಟ್ಟಿ ನಿಂತ್ಕೋಬೇಕು. ನಂಗೆ ಪರ್ಮನೆಂಟ್ ಆಗೋ ವರ್ಷ ಕಣಮ್ಮ ಇದು. ಹೇಳಿ ತಿದ್ದಿಸಬಹುದಾಗಿದ್ದ ತಪ್ಪು. ಅದಕ್ಕೆಂದೇ ಬೇರೆ ಫಾರಂ ಇತ್ತು, ಕಾರಣ ಬರೆಯಲು ನಾಲ್ಕು ಗೆರೆ ಜಾಗವಿತ್ತು. ಅವಳು ಮಾತಾಡಲಿಲ್ಲ. ಅವನು ಎಡಗಣ್ಣಿಗೂ ಹನಿಸಿದ; ಅವಳೇ ಹಿಡಿದುಕೊಂಡಿದ್ದಳು. ಮಾರನೇ ದಿನ ಎರಡೂ ಕಣ್ಣು ಊದಿದ್ದವು. ಎಡದ್ದು ಫಲಿತಾಂಶವಾಯಿತು. ಬಲದ್ದಕ್ಕೆ ಅವನು ಷರಾ ಬರೆದ: ತಾನೇ ಕೆರೆದುಕೊಂಡ ಗಾಯ. ಕೆಳಗೆ ಸಾಕ್ಷಿಯ ಸಹಿ ಕವಿತಳದು. ಇಪ್ಪತ್ತೊಂದು ದಿನ ಆ ಮೊಲ ನೀರಿನ ಕೊಳವೆ ಎಲ್ಲಿದೆಯೆಂದು ಪಂಜರದ ತಂತಿಗೆಲ್ಲ ಮೂಗು ಒತ್ತಿ ಹುಡುಕುತ್ತಿತ್ತು. ಅವಳು ಬೆಳಿಗ್ಗೆ ಬಂದೊಡನೆ ಮೂತಿಯನ್ನು ಹಿಡಿದು ಕೊಳವೆಗೆ ತಾಗಿಸುತ್ತಿದ್ದಳು. ಯಾವ ವಾಸನೆಯೂ ಇಲ್ಲದ ಆ ಕೈಯನ್ನು ಅದು ಹೇಗೆ ಗುರುತು ಹಿಡಿಯುತ್ತಿತ್ತೋ, ಉಳಿದವರಿಗೆ ಹಿಂದೆ ಸರಿಯುತ್ತಿದ್ದುದು ಅವಳ ಕೈಗೆ ಸುಮ್ಮನೆ ತಲೆ ಕೊಡುತ್ತಿತ್ತು. ಇಪ್ಪತ್ತೊಂದನೇ ದಿನ ಪಟ್ಟಿಯ ಪ್ರಕಾರ ಅದನ್ನು ಒಯ್ದರು. ಪಂಜರ ತೊಳೆದವಳು ಅವಳೇ. ಕ್ಲೀನಿಂಗು.

'ಅಕ್ಕ, ಟೈಮಾಯ್ತು.'

ಪ್ರಿಯಾಂಕ ಕನ್ನಡಿಗೆ ಮುಖ ಹತ್ತಿರ ತಂದು, ಒಂದೊಂದು ಕಣ್ಣನ್ನೂ ಅಗಲಿಸಿ ನೋಡಿಕೊಂಡಳು. ನೋಡುವ ಮೊದಲೇ ಕವಿತಳಿಗೆ ಕಂಡಿತ್ತು. ಎಡಗಣ್ಣಿನ ಕಾಡಿಗೆ ಕೆಳಗಿಳಿದು ಬೂದು ನೆರಳಾಗಿತ್ತು. ಬಲಗಣ್ಣಿನದು ಹಚ್ಚಿದಾಗ ಹೇಗಿತ್ತೋ ಹಾಗೆ, ಗೆರೆ ಎಳೆದಂತೆ ನಿಂತಿತ್ತು.

ಹುಡುಗಿಯ ಮುಖ ಅರಳಿತು. 'ನೋಡಿದ್ರಾ! ಬಲಗಣ್ಣು. ನಂದೇ ನಿಂತಿದೆ. ಅಜ್ಜಿ, ನೋಡು, ಯಾರ ಕಣ್ಣೂ ಸುಡದೇನೇ ನಿಲ್ಲುತ್ತೆ. ಚಿಕ್ಕಮ್ಮಂಗೆ ಫೋಟೋ ಕಳಿಸ್ತೀನಿ ಇರು.'

'ನಿಂತದೆ ಕಣೆ, ನಿಜವಾಗ್ಲೂ' ಎಂದು ಅಂಜಿನಮ್ಮ ಕುರ್ಚಿಯಿಂದ ಅರ್ಧ ಎದ್ದು ನೋಡಿದಳು. 'ನಾನೂ ಏನೋ ಅಂದ್ಕೊಂಡಿದ್ದೆ. ಗೆದ್ದೆ ಬಿಡು.'

ಎಲ್ಲರಿಗೂ ಸಂತೋಷವಾಗಿತ್ತು. ಕವಿತ ಸುಮ್ಮನಿದ್ದರೆ ಸಾಕಾಗಿತ್ತು. ಮದುವೆಯ ದಿನ ಪೆನ್ಸಿಲಿನ ಮುಚ್ಚಳ ತೆಗೆಯುವಾಗ ಯಾರು ನೋಡುತ್ತಾರೆ? ಪಾರ್ಲರಿನ ಪೆನ್ಸಿಲನ್ನೇ ಹಚ್ಚಿದರೆ ಕಾಡಿಗೆ ನಿಲ್ಲುತ್ತದೆ, ಹುಡುಗಿ ಹಸನ್ಮುಖಿಯಾಗಿ ಹಸೆಗೇರುತ್ತಾಳೆ, ತಾನು ಅಂದುಕೊಂಡದ್ದೊಂದು ನಡೆಯಿತೆಂಬ ನಂಬಿಕೆಯಲ್ಲಿ ಮುಂದಿನ ಮೂವತ್ತು ನಲವತ್ತು ವರ್ಷ ಬದುಕುತ್ತಾಳೆ. ಅದರಿಂದ ಯಾರಿಗೆ ನೋವು? ಹೀಗೆ ಯೋಚಿಸುತ್ತಿರುವಾಗಲೇ ಆ ಯೋಚನೆಯ ದನಿ ತನ್ನದಲ್ಲವೆಂದು ಅವಳಿಗೆ ಅನಿಸಿತು. ಅದು ಮೊಲದ ಕಿವಿ ನೇವರಿಸುವವನ ದನಿ. ತುಂಬ ಮೃದು, ತುಂಬ ನ್ಯಾಯ. ಪ್ರಿಯಾಂಕ ಫೋನನ್ನು ಮುಖದ ಮುಂದೆ ಎತ್ತಿ ಹಿಡಿದಿದ್ದಳು.

'ಫೋಟೋ ತೆಗೀಬೇಡ' ಎಂದಳು ಕವಿತ. 'ನಾನು ಎಡ ಬಲ ತಪ್ಪಿಸ್ಬಿಟ್ಟೆ. ಆ ಕಣ್ಣಿಗೆ ಹಾಕಿರೋದು ನಂದು. ನಿಂದು ಈ ಕಡೆ ಇರೋದು, ಇಳಿದಿರೋದು.'

ಫೋನು ಹಾಗೇ ಗಾಳಿಯಲ್ಲಿ ಉಳಿಯಿತು. 'ಈಗ ನೋಡ್ಕೊಂಡ್ರಾ?'

'ಇಲ್ಲ. ಹಚ್ಚಿದ ತಕ್ಷಣ ಗೊತ್ತಾಯ್ತು. ಹೇಳಲಿಲ್ಲ.'

'ಒಂದ್ ಗಂಟೆಯಿಂದ ಗೊತ್ತಾ?'

'ಹೂಂ.'

ಇಷ್ಟಕ್ಕೆ ನಿಲ್ಲಿಸಬಹುದಾಗಿತ್ತು. ಆದರೆ ಒಮ್ಮೆ ಬಾಯಿ ಬಿಟ್ಟ ಮೇಲೆ ಉಳಿದದ್ದೂ ಅದರ ಹಿಂದೆಯೇ ಬಂದಿತು. ಅವಳು ಎಂದೂ ಅಭ್ಯಾಸ ಮಾಡಿರದ ಮಾತುಗಳು, ಹಾಗಾಗಿ ಹಿಂದು ಮುಂದಾಗಿ ಬಂದವು. ಲ್ಯಾಬಿನಲ್ಲಿ ತಾನು ಬರೀ ಕ್ಲೀನಿಂಗ್ ಮಾಡುತ್ತಿರಲಿಲ್ಲವೆಂದು ಹೇಳಿದಳು. ಮೊಲಗಳನ್ನು ಹಿಡಿದುಕೊಳ್ಳುತ್ತಿದ್ದೆ ಎಂದಳು. ನೀನು ಬೇಡ ಅನ್ನುತ್ತೀಯಲ್ಲ, ಅದೇ ಕೆಲಸ. ಒಂದು ಸಲ ಹೀಗೇ ಎಡ ಬಲ ತಪ್ಪಿ, ಹೇಳದೆ ಇದ್ದು, ಒಂದೇ ಕಣ್ಣು ಹೋಗಬೇಕಾದ್ದು ಎರಡೂ ಹೋಯಿತು ಎಂದಳು. ಅದು ತಾನೇ ಕೆರೆದುಕೊಂಡಿತು ಅಂತ ಬರೆದು ನನ್ನ ಸಹಿ ತಗೊಂಡರು, ನಾನು ಹಾಕಿದೆ. ಹೇಳುತ್ತ ಹೇಳುತ್ತ ಅವಳು ಡೆಟಾಲ್ ನೀರಿನಿಂದ ಬಾಚಣಿಗೆಗಳನ್ನು ತೆಗೆದು ಒರೆಸಿ ಮತ್ತೆ ಅದರಲ್ಲೇ ಹಾಕಿದಳು.

ಪ್ರಿಯಾಂಕ ಕನ್ನಡಿಯಲ್ಲಿ ತನ್ನ ಬಲಗಣ್ಣನ್ನೇ ನೋಡುತ್ತಿದ್ದಳು, ಅದು ಇದ್ದಕ್ಕಿದ್ದಂತೆ ಬೇರೆ ಯಾರದೋ ಆದಂತೆ. ಮಾತಾಡಿದ್ದು ಅಂಜಿನಮ್ಮ.

'ಕಚ್ತಿರ್ಲಿಲ್ವೇನಮ್ಮ ಅವು?'

'ಇಲ್ಲ ಅಮ್ಮ. ನನ್ನ ಕೈಲಿ ಸುಮ್ಮನಿರ್ತಿದ್ವು.'

ಮುದುಕಿ ಲೋಟದ ತಳದ ತಣ್ಣನೆಯ ಟೀಯನ್ನು ನೋಡಿ, ಕುಡಿಯದೆ ಕೆಳಗಿಟ್ಟಳು. ಹೊರಗೆ ಕಾರ್ಖಾನೆಯೊಂದರ ಊಟದ ಸೈರನ್ ಕೂಗಿ ನಿಂತಿತು. ಪ್ರಿಯಾಂಕ ಎದ್ದು ಹೋಗಿಬಿಡುತ್ತಾಳೆ ಎಂದು ಕವಿತ ಕಾದಳು. ಡಬ್ಬಿಗಳನ್ನು ಚೀಲಕ್ಕೆ ತುಂಬಿಕೊಳ್ಳುವ ಸದ್ದನ್ನು ಮನಸ್ಸಿನಲ್ಲಿ ಆಗಲೇ ಕೇಳುತ್ತಿದ್ದಳು. ಆದರೆ ಹುಡುಗಿ ಕೈ ಚಾಚಿ ಹತ್ತಿ ತೆಗೆದುಕೊಂಡಳು. ಬಲಗಣ್ಣಿನ ಕಾಡಿಗೆಯನ್ನು ತಾನೇ ಒರೆಸಿಕೊಂಡಳು. ಒತ್ತಿ ಒರೆಸಿದ್ದಕ್ಕೆ ಕಣ್ಣು ಕೆಂಪಗಾಗಿ ನೀರು ಧಾರಾಳವಾಗಿ ಬಂತು. ಮನುಷ್ಯರಿಗೆ ಬರುವಷ್ಟು ನೀರು ಮೊಲದ ಕಣ್ಣಿಗೆ ಬರುವುದಿಲ್ಲ, ಹಾಕಿದ್ದು ತೊಳೆದುಹೋಗದೆ ಒಳಗೇ ಉಳಿಯುತ್ತದೆ, ಅದಕ್ಕೇ ಮೊಲವನ್ನು ಆರಿಸಿಕೊಳ್ಳುತ್ತಾರೆ ಎಂದು ಚಲಪತಿ ಒಮ್ಮೆ ಹೇಳಿಕೊಟ್ಟಿದ್ದ. ಕವಿತ ಆ ನೀರು ಕೆನ್ನೆಯ ಫೌಂಡೇಶನ್ನಿನ ಮೇಲೆ ದಾರಿ ಮಾಡಿಕೊಂಡು ಇಳಿಯುವುದನ್ನು ನೋಡುತ್ತಿದ್ದಳು.

'ಮದುವೆಗೆ ನಿಮ್ಮನ್ನೇ ಕರೀತೀನೋ ಇಲ್ವೋ ನನಗೆ ಗೊತ್ತಿಲ್ಲ ಅಕ್ಕ' ಎಂದಳು ಪ್ರಿಯಾಂಕ. 'ಮನೆಗೆ ಹೋಗಿ ಯೋಚನೆ ಮಾಡ್ಬೇಕು. ಆದ್ರೆ ನಂದು ನಿಲ್ಲುತ್ತಾ ಇಲ್ವಾ ಅಂತ ನಂಗೆ ಗೊತ್ತಾಗ್ಬೇಕು. ಎಡಗಣ್ಣಿಗೆ ನಾನು ಆಗ್ಲೇ ಎರಡು ಸಲ ಕೈ ಹಾಕಿ ಉಜ್ಜಿದ್ದೆ, ಅದಕ್ಕೂ ಇಳಿದಿರ್ಬಹುದು. ಇನ್ನೊಂದ್ಸಲ ಹಚ್ಚಿ. ಹಚ್ಚೋವಾಗ ಯಾವುದು, ಯಾವ ಕಣ್ಣಿಗೆ ಅಂತ ಬಾಯಿಬಿಟ್ಟು ಹೇಳಿ ಹಚ್ಚಿ.'

ಕವಿತ ಕೈತೊಳೆದುಕೊಂಡಳು. ಸ್ಟೂಲನ್ನು ಪಕ್ಕಕ್ಕೆ ಸರಿಸಿ ಕುರ್ಚಿಯ ಹಿಂದೆ ಬಂದು ನಿಂತಳು. ಮೊಲಗಳ ಹಿಂದೆಯೂ ಹೀಗೇ ನಿಲ್ಲುತ್ತಿದ್ದಳು. ಅದು ಅವಳಿಗೆ ಗೊತ್ತಿತ್ತು, ಆದರೂ ತನ್ನ ಬಲ ಹುಡುಗಿಯ ಬಲವಾಗುವುದಕ್ಕೆ ಬೇರೆ ಜಾಗವಿರಲಿಲ್ಲ. ಹುಡುಗಿ ತಲೆಯನ್ನು ಹಿಂದಕ್ಕೆ ಒರಗಿಸಿದಳು. ಒದ್ದೆಯಾದ ಕಣ್ಣು ತೆರೆದು, ಮೇಲಿನಿಂದ ಬಾಗಿದ ಮುಖವನ್ನು ನೆಟ್ಟಗೆ ನೋಡಿತು. ಕವಿತ ಪೆನ್ಸಿಲಿನ ಮುಚ್ಚಳ ತೆಗೆದು, ಮೊಲದ ಗುರುತು ಕಾಣುವಂತೆ ತಿರುಗಿಸಿ ಹಿಡಿದಳು. ಎಡಗೈಯ ಹೆಬ್ಬೆರಳನ್ನು ಕೆಳರೆಪ್ಪೆಯ ಮೇಲಿಟ್ಟಳು.

'ಬಲಗಣ್ಣು' ಎಂದಳು. 'ನಿಂದು.'